ಕಡಲೆ ಬೆಳೆಯುವ ಮನೆಯಲ್ಲಿ ಕಡಲೆ ಆಗದವರು

ಕಾಂಗ್ರೆಸ್ ಕಸ ಕೀಳಲು ಹತ್ತು ಆಳು ಹೊಲಕ್ಕೆ ಇಳಿದರೆ ಎಂಟು ಮಂದಿಗೆ ಏನೂ ಆಗುವುದಿಲ್ಲ. ಒಬ್ಬರಿಗೆ ಸಂಜೆ ತನಕ ಕೈ ಕಡಿತ. ಇನ್ನೊಬ್ಬರಿಗೆ ಮಾತ್ರ ಕುತ್ತಿಗೆ, ಕಣ್ಣಿನ ಸುತ್ತ ಚರ್ಮ ದಪ್ಪಾಗಿ ಕರ್ರಗಾಗಿ, ಬಿಸಿಲಿಗೆ ಹೋದರೆ ಸಾಕು ಉರಿ. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಕಸ ನಮ್ಮ ಬದುವಿಗೆ ಬಂದು ಎಷ್ಟೋ ದಶಕ ಆಯಿತು. ಅಲರ್ಜಿ ಎಂಬ ಮಾತನ್ನು ನಮ್ಮ ಭಾಗದ ರೈತರು ಕಲಿತದ್ದೇ ಇದರಿಂದ. 'ಅವನ ಮೈಗೆ ಅದು ಆಗಿಬರೂದಿಲ್ಲ, ಅವಗ ಬ್ಯಾರೆ ಕೆಲಸ ಕೊಡ್ರಿ' ಎಂದು ಯಾರೂ ಹೇಳಿಕೊಡದೆ ಹೇಳುತ್ತೇವೆ.

ಆದರೆ ಅದೇ ಮಾತನ್ನು ಊಟದ ಕಾಳಿನ ಬಗ್ಗೆ ಹೇಳಿದರೆ ನಂಬುವವರಿಲ್ಲ. 'ಕಡಲಿ ತಿಂದರ ಮೈಮ್ಯಾಲೆ ಗಂಧಿ ಏಳ್ತಾವ' ಎಂದರೆ 'ಪಿತ್ತ ಆಗೇದ, ಕಂಬಳಿ ಹೊದ್ದು ಮಲಗು' ಎನ್ನುತ್ತೇವೆ. 'ಶೇಂಗಾ ತಿಂದರ ಗಂಟಲಾ ಹಿಡೀತದ' ಎಂದರೆ 'ಪ್ಯಾಟಿ ಮಂದಿ ಚಾಳಿ' ಎಂದು ನಗುತ್ತೇವೆ. ಈ ನಗೆ ಕೆಲವೊಮ್ಮೆ ಜೀವಕ್ಕೆ ಬರುತ್ತದೆ. ಅದಕ್ಕಾಗಿಯೇ ಈ ಬರಹ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಎಂದರೆ ಜೋಳ, ಕಡಲೆ. ಮುಂಗಾರಿಗೆ ಹೆಸರು, ಶೇಂಗಾ. ಜುಣಕ, ಹೋಳಿಗೆ, ಬಜಿ, ಬೇಸನ್ ಉಂಡಿ, ಗಿರಮಿಟ್ಟಿನ ಮೇಲಿನ ಪುಠಾಣಿ ಹಿಟ್ಟು, ಎಲ್ಲದರಲ್ಲೂ ಕಡಲೆ. ಇಂಥ ಸೀಮೆಯಲ್ಲಿ ಕಡಲೆ ಮೈಗಾಗದವರು ಹೇಗೆ ಬದುಕಬೇಕು?

ನಮ್ಮ ಮನೆಯ ಸಂಗತಿ

ನನ್ನ ತಮ್ಮ ಸಣ್ಣವನಿದ್ದಾಗ ಹೊಲದ ಬದುವಿನಲ್ಲಿ ಕುಳಿತು ಸುಲಗಾಯಿ ತಿಂದೇ ಬೆಳೆದವನು. ಮೂವತ್ತು ದಾಟಿದ ಮೇಲೆ ಒಂದು ಸಂಜೆ ಮಿರ್ಚಿ ಬಜಿ ತಿಂದ ಕಾಲು ತಾಸಿನಲ್ಲಿ ಅಂಗೈ ಕಡಿತ, ಮೈತುಂಬ ಗಂಧೆ. ಮೆಣಸಿನಕಾಯಿ ಖಾರ ಎಂದು ಬಿಟ್ಟೆವು. ತಿಂಗಳೊಪ್ಪತ್ತಿನ ಮೇಲೆ ಹೋಳಿಗೆ ಊಟದ ನಂತರ ಅದೇ ಕಥೆ, ಜೊತೆಗೆ ವಾಂತಿ. ಆಗ ಅವನ ಹೆಂಡತಿ ಕ್ಯಾಲೆಂಡರಿನ ಬೆನ್ನಿಗೆ ಬರೆಯಲು ಸುರುಮಾಡಿದಳು: ಯಾವ ದಿನ, ಏನು ಉಂಡ, ಎಷ್ಟು ಹೊತ್ತಿಗೆ ಏನಾಯಿತು. ಮೂರನೆಯ ಸಲ ಪುಠಾಣಿ ಚಟ್ನಿಯಿಂದ ತುಟಿ ಬಾತು ದನಿ ಬಿದ್ದಾಗ ಆ ಚೀಟಿ ಹಿಡಿದುಕೊಂಡೇ ಹುಬ್ಬಳ್ಳಿಯ ತಜ್ಞ ವೈದ್ಯರ ಹತ್ತಿರ ಹೋದೆವು. ಅವರು ಚರ್ಮಕ್ಕೆ ಚುಚ್ಚಿ ನೋಡುವ ಮೊದಲು ಆ ಚೀಟಿಯನ್ನೇ ಎರಡು ಸಲ ಓದಿದರು. 'ಅರ್ಧ ಪರೀಕ್ಷೆ ಇವರೇ ಮಾಡ್ಯಾರ' ಎಂದರು.

ನಮ್ಮ ತಾಯಿಗೆ ಇದು ಬಗೆಹರಿಯಲಿಲ್ಲ. 'ನಮ್ಮ ಹೊಲದ ಕಾಳು ನಮಗ ವೈರಿ ಹೆಂಗ ಆಗ್ತದೋ?' ಎಂಬುದು ಆಕೆಯ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೈಯೊಳಗೆ ಆಗುವುದೇನು?

ಕಾಳಿನಲ್ಲಿರುವ ಪ್ರೋಟೀನು ಎಲ್ಲರಿಗೂ ಆಹಾರ. ಕೆಲವರ ಮೈ ಮಾತ್ರ ಅದನ್ನು ರೋಗಾಣು ಎಂದು ತಿಳಿದು ಅದರ ವಿರುದ್ಧ ಐಜಿಇ ಎಂಬ ಕಾವಲುಗಾರರನ್ನು ತಯಾರು ಮಾಡಿಕೊಳ್ಳುತ್ತದೆ. ಈ ತಯಾರಿ ಹೊರಗೆ ಕಾಣುವುದಿಲ್ಲ. ಮುಂದೆ ಯಾವಾಗಲೋ ಅದೇ ಪ್ರೋಟೀನು ಹೊಟ್ಟೆಗೆ ಬಿದ್ದಾಗ ಹಿಸ್ಟಮಿನ್ ಮೊದಲಾದ ರಸಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಅದರಿಂದ ಗಂಧೆ, ಬಾವು, ವಾಂತಿ, ಉಬ್ಬಸ. ಬಿಗಡಾಯಿಸಿದರೆ ರಕ್ತದೊತ್ತಡ ಇಳಿದು ಎಚ್ಚರ ತಪ್ಪುತ್ತದೆ. ಇಷ್ಟು ವರ್ಷ ತಿಂದು ಅರಗಿಸಿಕೊಂಡದ್ದು ಮೂವತ್ತು ನಲವತ್ತರ ವಯಸ್ಸಿನಲ್ಲಿ ಆಗದಂತಾಗುವುದೂ ಉಂಟು. ಆದ್ದರಿಂದ 'ನಿನ್ನೆ ಮೊನ್ನೆತನಕ ತಿಂತಿದ್ದೆಲ್ಲ' ಎಂಬ ವಾದಕ್ಕೆ ಬಲವಿಲ್ಲ.

ಕಡಲೆಯ ವಿಷಯವಂತೂ ವೈದ್ಯರಿಗೆ ಹೊಸದಲ್ಲ. ಕಡಲೆ ಭಾರತ ಉಪಖಂಡದ ಒಂದು ಮುಖ್ಯ ಅಲರ್ಜಿಕಾರಕ ಆಹಾರ ಎಂದು ಮುಂಬೈಯ ವೈದ್ಯರು 2001ರಲ್ಲೇ ಪ್ರಕಟಿಸಿದ್ದಾರೆ. ಪರದೇಶದಲ್ಲಿ ಶೇಂಗಾ ಹೆಚ್ಚು ಸುದ್ದಿಯಾಯಿತು. ನಾವು ದಿನಾ ತಿನ್ನುವುದು ಕಡಲೆ, ನಮ್ಮಲ್ಲಿ ಅದು ಎದ್ದು ಕಂಡಿತು.

ಎಲ್ಲ ಕಡಿತವೂ ಅಲರ್ಜಿಯಲ್ಲ

ಇಲ್ಲಿ ಕಾಳಿನಿಂದ ಕಾಳು ಹಸನು ಮಾಡಿದಂತೆ ಬೇರ್ಪಡಿಸಿ ನೋಡಬೇಕು. ಕಡಲೆ ಕೀಳುವಾಗ ಕೈ ಚುರುಚುರು ಎನ್ನುವುದು ಅಲರ್ಜಿಯಲ್ಲ. ಗಿಡದ ಮೈಮೇಲೆ ಹುಳಿ ಇರುತ್ತದೆ, ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಇಬ್ಬನಿ ಬೀಳುವ ರಾತ್ರಿ ಬಟ್ಟೆ ಹಾಸಿ ಹಿಂಡಿ ನಮ್ಮ ಹಿರಿಯರು ಔಷಧಿಗೆ ಇಟ್ಟುಕೊಳ್ಳುತ್ತಿದ್ದ ಕಡಲೆ ಹುಳಿ ಇದೇ. ಅದು ಯಾರ ಕೈಗಾದರೂ ಉರಿ. ಬೂಸ್ಟು ಹಿಡಿದ ಶೇಂಗಾ ಕೆಟ್ಟದ್ದು, ಅದು ವಿಷ, ಎಲ್ಲರಿಗೂ ವಿಷ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬಹಳ ಸಲ ಜೀರ್ಣದ ತೊಂದರೆ. ಗೋಧಿ ತಿಂದರೆ ವರ್ಷಗಟ್ಟಲೆ ಭೇದಿಯಾಗಿ ಮೈ ಸೊರಗುವ ಸಿಲಿಯಾಕ್ ಎಂಬ ರೋಗವೂ ಬೇರೆ. 2016ರಲ್ಲಿ ಪ್ರಕಟವಾದ ಅಧ್ಯಯನದಂತೆ ಅದು ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10. ಅಂಥವರಿಗೆ ನಮ್ಮ ಜೋಳದ ರೊಟ್ಟಿಯೇ ಗತಿ, ಮತ್ತು ಒಳ್ಳೆಯ ಗತಿ.

ಇನ್ನೊಂದು ಮಾತು ಸಾವಯವದ ಬಗ್ಗೆ. 'ಈಗಿನ ಎಣ್ಣಿ ಹೊಡದ ಕಾಳು, ಅದಕ್ಕ ಹಿಂಗ ಆಗ್ತದ. ಎಣ್ಣಿ ಇಲ್ಲದ ಕಡಲಿ ತಿನ್ನಲಿ, ಏನೂ ಆಗೂದಿಲ್ಲ' ಎಂದು ನಮ್ಮ ಗೆಳೆಯರೊಬ್ಬರು ಹಟ ಹಿಡಿದರು. ಕೀಟನಾಶಕದ ವಿರುದ್ಧ ನನಗೂ ಸಿಟ್ಟಿದೆ. ಆದರೆ ಅಲರ್ಜಿ ಬರುವುದು ಕಾಳಿನ ಸ್ವಂತ ಪ್ರೋಟೀನಿನಿಂದ. ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದ ಕಡಲೆಯಲ್ಲೂ ಅದು ಅಷ್ಟೇ ಇರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಶೇಂಗಾ ಹುರಿದರಂತೂ ಇನ್ನಷ್ಟು ಚುರುಕಾಗುತ್ತದೆ. 'ಸಾವಯವ' ಎಂಬ ಭರವಸೆಯ ಮೇಲೆ ಅಲರ್ಜಿ ಇದ್ದವರಿಗೆ ತಿನ್ನಿಸಿ ನೋಡುವ ಪ್ರಯೋಗ ಯಾರೂ ಮಾಡಬಾರದು.

ನಂಜು ಎಂಬ ಮಾತು ಮತ್ತು ಬದನೆಕಾಯಿ

ಹಿರಿಯರು ಬದನೆಕಾಯಿ ನಂಜು ಎನ್ನುತ್ತಾರೆ. ಗಾಯ ಇದ್ದವರಿಗೆ, ಬಾಣಂತಿಗೆ ಕೊಡುವುದಿಲ್ಲ. ಎಣ್ಣೆಗಾಯಿ ಇಲ್ಲದೆ ಹಬ್ಬವೇ ಇಲ್ಲದ ನಾಡಿನಲ್ಲಿ ಈ ಮಾತು ಸುಮ್ಮನೆ ಹುಟ್ಟಿರಲಾರದು. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ವೈದ್ಯರ ಜೊತೆಗೂಡಿ 741 ಮಂದಿಯನ್ನು ಇದಕ್ಕಾಗಿಯೇ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದನೆ ತಿಂದರೆ ತೊಂದರೆಯಾಗುತ್ತದೆ ಎಂದವರು ನೂರಕ್ಕೆ ಸುಮಾರು 9. ನಿಜವಾದ ಐಜಿಇ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಅವರಲ್ಲಿ ಹೆಂಗಸರೇ ಹೆಚ್ಚು. ಬದನೆಯಲ್ಲಿ ಹಿಸ್ಟಮಿನ್ ಸ್ವಾಭಾವಿಕವಾಗಿಯೇ ಇದೆ. ಆದ್ದರಿಂದ ಅಲರ್ಜಿ ಇಲ್ಲದವರಿಗೂ ಒಮ್ಮೊಮ್ಮೆ ಬಾಯಿ ಕಡಿದೀತು.

ಇದರಿಂದ ನನಗೆ ತಿಳಿದದ್ದು ಎರಡು. ಹಿರಿಯರ 'ನಂಜು' ಬರಿಯ ಮೂಢನಂಬಿಕೆಯಲ್ಲ, ಅನುಭವದ ಮಾತು. ಆದರೆ ಅದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಬರಿ ಬಾಯಿ ಕಡಿತ, ಒಬ್ಬನಿಗೆ ಪ್ರಾಣಸಂಕಟ. ಆ ಒಬ್ಬ ಯಾರು ಎಂದು ನಂಜು ಎಂಬ ಮಾತು ಹೇಳಿಕೊಡುವುದಿಲ್ಲ.

ಪಥ್ಯದ ಕಥೆಯೂ ಹಾಗೆಯೇ. ಕಪ್ಪತಗುಡ್ಡದ ಬೇರು ಕೊಡುವ ನಾಟಿ ವೈದ್ಯರು ಪಥ್ಯ ಹೇಳುತ್ತಾರೆ: ಬದನೆ ಬೇಡ, ಕಡಲೆ ಬೇಡ, ಶೇಂಗಾ ಬೇಡ, ಎಳ್ಳು ಬೇಡ, ತತ್ತಿ ಬೇಡ. ಕಡಿತ ನಿಲ್ಲುತ್ತದೆ. ದೊಡ್ಡಾಸ್ಪತ್ರೆಯವರೂ ಮೊದಲು ಮಾಡುವುದು ಇದನ್ನೇ, ಅನುಮಾನದ ಆಹಾರ ಬಿಡಿಸಿ ನೋಡುವುದು. ಆದರೆ ಅವರು ಮುಂದೆ ಒಂದು ಹೆಜ್ಜೆ ಇಡುತ್ತಾರೆ. ಬಿಡಿಸಿದ್ದನ್ನು ತಮ್ಮ ಕಣ್ಣೆದುರಿಗೇ, ಔಷಧಿ ಕೈಯಲ್ಲಿಟ್ಟುಕೊಂಡು, ಒಂದೊಂದಾಗಿ ತಿರುಗಿ ಕೊಟ್ಟು ನೋಡುತ್ತಾರೆ. ಆಗ ಕಳ್ಳ ಯಾರೆಂದು ಗೊತ್ತಾಗುತ್ತದೆ, ಉಳಿದ ನಾಲ್ಕು ಆಹಾರ ಊಟಕ್ಕೆ ಮರಳಿ ಬರುತ್ತವೆ. ನಮ್ಮ ಪಥ್ಯದಲ್ಲಿ ಈ ಎರಡನೆಯ ಹೆಜ್ಜೆ ಇಲ್ಲ. ಹೀಗಾಗಿ ಎಷ್ಟೋ ಹೆಣ್ಣುಮಕ್ಕಳು ಐದಾರು ವರ್ಷ ಕಾಳು-ಬೇಳೆ ಬಿಟ್ಟು, ಬರಿ ಅನ್ನ ಸಾರು ಉಂಡು, ರಕ್ತ ಕಡಿಮೆ ಮಾಡಿಕೊಂಡಿದ್ದಾರೆ. ಬಡವರ ಮನೆಯಲ್ಲಿ ಕಾಳು ಬಿಡುವುದೆಂದರೆ ಮಾಂಸ, ಹಾಲು ಎರಡೂ ಬಿಟ್ಟಂತೆ.

ರಕ್ತ ಪರೀಕ್ಷೆಯ ಚೀಟಿಯನ್ನೂ ದೇವರ ವಾಕ್ಯ ಎಂದು ತಿಳಿಯಬೇಕಿಲ್ಲ. ಬೆಂಗಳೂರು, ಮೈಸೂರಿನ 11 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯಾವುದಾದರೂ ಒಂದು ಆಹಾರಕ್ಕೆ ಐಜಿಇ ಕಂಡದ್ದು ನೂರಕ್ಕೆ 26.5 ಮಂದಿಯಲ್ಲಿ. ತಿಂದಾಗ ತೊಂದರೆಯೂ ಆಗಿ, ರಕ್ತದಲ್ಲೂ ಕಂಡವರು ನೂರಕ್ಕೆ 1.2 ಮಾತ್ರ. ಅಂದರೆ ಚೀಟಿ ನೋಡಿ ಆಹಾರ ಬಿಟ್ಟರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿ ಸುಮ್ಮನೆ ಬಿಟ್ಟಂತೆ. ಊಟದ ಚೀಟಿ, ರಕ್ತದ ಚೀಟಿ ಎರಡೂ ಕೂಡಿದರೆ ಮಾತ್ರ ನಂಬಿಕೆಗೆ ಅರ್ಹ.

ಮನೆಯಲ್ಲಿ, ಗಿರಣಿಯಲ್ಲಿ, ಪಂಕ್ತಿಯಲ್ಲಿ

ಗೊತ್ತಾದ ಮೇಲೆ ಬದುಕುವುದು ಹೇಗೆ? ಅಲರ್ಜಿ ಇದ್ದವರಿಗೆ ಚಿಟಿಕೆ ಹಿಟ್ಟೂ ಸಾಕು. ಊರ ಗಿರಣಿಯಲ್ಲಿ ಒಬ್ಬರ ಕಡಲೆ ಹಿಟ್ಟಿನ ಬೆನ್ನಿಗೇ ನಮ್ಮ ಜೋಳ ಹಾಕಿದರೆ ಮೊದಲ ಸೇರು ಹಿಟ್ಟಿನಲ್ಲಿ ಅವರ ಕಡಲೆ ಬಂದೇ ಬರುತ್ತದೆ. ನಾವು ಗಿರಣಿಯವರಿಗೆ ಹೇಳಿ, ಇನ್ನೊಬ್ಬರ ಜೋಳ ಬೀಸಿದ ಮೇಲೆಯೇ ನಮ್ಮದು ಹಾಕಿಸುತ್ತೇವೆ. ಮೊದಲು ಬಿದ್ದ ಹಿಟ್ಟು ದನದ ಬಾನಿಗೆ. ಅಟ್ಟದ ಮೇಲಿದ್ದ ಬೀಸುಕಲ್ಲು ಕೆಳಗೆ ಇಳಿದಿದೆ.

ಬಜಿ ಅಂಗಡಿಯ ಎಣ್ಣೆಯಲ್ಲಿ ಹಪ್ಪಳ ಕರಿದರೂ ಅದು ಕಡಲೆ ಮುಟ್ಟಿದ ಹಪ್ಪಳವೇ. ಖಾನಾವಳಿಯಲ್ಲಿ ಪಲ್ಲೆ ಗಟ್ಟಿಯಾಗಲು ಪುಠಾಣಿ ಹಿಟ್ಟು ಹಾಕುತ್ತಾರೆ. ಕೇಳದೆ ಉಣ್ಣುವಂತಿಲ್ಲ. ಕಡಲೆ ಆಗದವರಿಗೆ ಬಟಾಣಿ, ಚನ್ನಂಗಿ ಬ್ಯಾಳಿಯೂ ಆಗದಿರುವ ಸಂಭವ ಹೆಚ್ಚು, ಅದನ್ನೂ ವೈದ್ಯರಲ್ಲಿ ತೋರಿಸಿಯೇ ನಿರ್ಧಾರ ಮಾಡಬೇಕು. ಕೆಲವರಿಗೆ ಬೇಯುವ ಕಡಲೆಯ ಹಬೆಯಿಂದಲೂ ಉಬ್ಬಸ ಬರುತ್ತದೆ. ರಾಶಿಯ ಧೂಳು ಬೇರೆ. ತಮ್ಮ ಕಡಲೆ ಬಿತ್ತುತ್ತಾನೆ, ಎಡೆ ಹೊಡೆಯುತ್ತಾನೆ. ರಾಶಿಯ ದಿನ ಮಾತ್ರ ಅವನು ಮಿಷನ್ನಿನ ಹತ್ತಿರ ಬರುವುದಿಲ್ಲ, ಆ ದಿನ ಎತ್ತು, ನೀರು ಅವನ ಪಾಲು. ಹೋಳಿಗೆಗೆ ಸಜ್ಜಕ ಬಂದಿದೆ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ ಅವನಿಗೆ ಆಗುತ್ತವೆ, ಬೇಸನ್ ಉಂಡಿಯ ಡಬ್ಬಿ ಬೇರೆ, ಅದರ ಚಮಚ ಬೇರೆ. ಈಗ ನಾಲ್ಕು ವರ್ಷ, ದೊಡ್ಡ ತೊಂದರೆ ಆಗಿಲ್ಲ.

ಕಷ್ಟ ಇರುವುದು ಪಂಕ್ತಿಯಲ್ಲಿ. ಗದಗದ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ ಇರುವ ಸೀಮೆ ನಮ್ಮದು. ಪ್ರಸಾದ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಮದುವೆಯಲ್ಲಿ ಬೀಗರು 'ಒಂದ ಹೋಳಿಗಿ ಉಣ್ರಿ, ಏನಾಗ್ತದ?' ಎಂದು ಒತ್ತಾಯದಿಂದ ಎಲೆಗೆ ಹಾಕುತ್ತಾರೆ. ಒತ್ತಾಯ ನಮ್ಮ ಪ್ರೀತಿಯ ರೀತಿ, ಒಪ್ಪಿದೆ. ಆದರೆ ಒಬ್ಬರು 'ಮೈಗೆ ಆಗೂದಿಲ್ಲ' ಎಂದ ಮೇಲೆ ಅಲ್ಲಿಗೆ ಕೈ ನಿಲ್ಲಬೇಕು. ಪರೀಕ್ಷೆ ಮಾಡಲು ಗುಟ್ಟಾಗಿ ಹಾಕಿ ಉಣಿಸುವವರೂ ಇದ್ದಾರೆ. ಅದು ಚೇಷ್ಟೆಯಲ್ಲ, ಅಪರಾಧ.

ಗಂಟಲು ಹಿಡಿದಾಗ

ತಿಂದ ಕೆಲವೇ ನಿಮಿಷದಿಂದ ಎರಡು ತಾಸಿನೊಳಗೆ ಗಂಧೆಯ ಜೊತೆಗೆ ದನಿ ಬೀಳುವುದು, ಉಸಿರು ಸಿಕ್ಕುವುದು, ಕಣ್ಣು ಕತ್ತಲೆ ಬರುವುದು ಆದರೆ ಅವಿಲ್ ಗುಳಿಗೆ ನುಂಗಿ ಕಾಯಬೇಡಿ. ಅದು ಕಡಿತ ಇಳಿಸೀತು, ಉಸಿರು ಉಳಿಸದು. ಅದಕ್ಕಿರುವ ಮದ್ದು ಅಡ್ರಿನಾಲಿನ್ ಇಂಜೆಕ್ಷನ್, ತೊಡೆಯ ಸ್ನಾಯುವಿಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅಗ್ಗದ ಔಷಧಿ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. 108ಕ್ಕೆ ಫೋನು ಮಾಡಿ, ಹತ್ತಿರದ ಸರಕಾರಿ ದವಾಖಾನೆಗೆ ಮುಟ್ಟಿಸಿ. ಎಚ್ಚರ ತಪ್ಪುವಂತಿದ್ದರೆ ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರು ಕಷ್ಟವಾದರೆ ಕೂಡಿಸಿ. ಎದ್ದು ಅಡ್ಡಾಡಿಸಬೇಡಿ. ಇಳಿದ ಮೇಲೂ ಕೆಲವು ತಾಸಿನ ನಂತರ ತಿರುಗಿ ಏಳಬಹುದು, ಆದ್ದರಿಂದ ದವಾಖಾನೆಯಲ್ಲೇ ಉಳಿಯುವುದು ಲೇಸು.

ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಇಂಜೆಕ್ಷನ್ ಇದೆಯೇ, ರಾತ್ರಿ ಕೊಡುವವರು ಇದ್ದಾರೆಯೇ ಎಂದು ಈಗಲೇ ಕೇಳಿಡಿ. ಹಾವಿನ ಔಷಧಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುತ್ತೇವಲ್ಲ, ಇದನ್ನೂ ಅದರ ಜೊತೆಗೆ ಕೇಳಬೇಕು.

ಮಕ್ಕಳಿಗೆ ಹೆದರಿ ಬಿಡಿಸಬೇಡಿ

ಇದನ್ನೆಲ್ಲ ಓದಿ ಕೂಸಿಗೆ ಶೇಂಗಾ ಕೊಡುವುದನ್ನೇ ನಿಲ್ಲಿಸಿದರೆ ಅದೂ ತಪ್ಪು. ಇಂಗ್ಲೆಂಡಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚು ಎಂದು 2008ರಲ್ಲಿ ತಿಳಿಯಿತು. ಇಸ್ರೇಲಿನ ಕೂಸುಗಳು ಹಲ್ಲು ಬರುವ ಮೊದಲೇ ಶೇಂಗಾದ ತಿನಿಸು ಚೀಪುತ್ತವೆ. ಇಂಗ್ಲೆಂಡಿನವರು ಹೆದರಿ ದೂರ ಇಟ್ಟಿದ್ದರು. ಮುಂದೆ ಲಂಡನ್ನಿನಲ್ಲಿ ಅಲರ್ಜಿಯ ಸಂಭವ ಹೆಚ್ಚಿದ್ದ 640 ಕೂಸುಗಳ ಮೇಲೆ ಪ್ರಯೋಗ ನಡೆಯಿತು. 2015ರಲ್ಲಿ ಬಂದ ಫಲಿತಾಂಶ: ಐದು ವರ್ಷ ತುಂಬುವಾಗ ಶೇಂಗಾ ದೂರವಿಟ್ಟವರಲ್ಲಿ ನೂರಕ್ಕೆ 17.2 ಮಕ್ಕಳಿಗೆ ಅಲರ್ಜಿ, ಮೊದಲಿನಿಂದ ತಿನ್ನಿಸಿದವರಲ್ಲಿ 3.2. ನಮ್ಮ ಅಜ್ಜಿಯರು ಅನ್ನ ಕಲಿಸುವಾಗಲೇ ಶೇಂಗಾ ಪುಡಿಯನ್ನು ಬೆರಳ ತುದಿಯಿಂದ ನೆಕ್ಕಿಸುತ್ತಿದ್ದ ರೂಢಿ ಒಳ್ಳೆಯದೇ ಆಯಿತು. ಇಡೀ ಕಾಳು ಮಾತ್ರ ಕೊಡಬಾರದು, ಶ್ವಾಸನಾಳಕ್ಕೆ ಸಿಕ್ಕೀತು. ಮೈತುಂಬ ಇಸುಬು ಇರುವ ಕೂಸಾದರೆ ಮೊದಲು ವೈದ್ಯರನ್ನು ಕೇಳಿ.

ಬೆಳೆಯುವವರು, ಮಾರುವವರು ಮಾಡಬೇಕಾದ್ದು

ಈಗ ನಮ್ಮ ಎಷ್ಟೋ ಊರಿನ ಮಹಿಳಾ ಸಂಘಗಳು ಚಟ್ನಿಪುಡಿ, ಉಂಡಿ, ರೊಟ್ಟಿ ಮಾರುತ್ತಿವೆ. ಚೀಟಿಯ ಮೇಲೆ 'ಶುದ್ಧ, ರುಚಿಕರ' ಎಂದಿರುತ್ತದೆ, ಒಳಗೆ ಏನಿದೆ ಎಂಬುದು ಪೂರಾ ಇರುವುದಿಲ್ಲ. 2020ರ ಆಹಾರ ಲೇಬಲ್ ನಿಯಮದ ಪ್ರಕಾರ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ತತ್ತಿ, ಮೀನು, ಸಿಗಡಿ-ಏಡಿ, ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜ, ಸೋಯಾ, ಹೆಚ್ಚು ಸಲ್ಫೈಟು ಇದ್ದರೆ ಎದ್ದು ಕಾಣುವಂತೆ ಹೇಳಬೇಕು. ಕಡಲೆ ಈ ಪಟ್ಟಿಯಲ್ಲಿ ಇಲ್ಲ. ಎಳ್ಳೂ ಇಲ್ಲ. ಪರದೇಶದ ಪಟ್ಟಿ ನೋಡಿ ನಮ್ಮ ಪಟ್ಟಿ ಬರೆದರೆ ಹೀಗೇ ಆಗುವುದು. ಅಮೆರಿಕದವರು ಕೂಡ ಎಳ್ಳನ್ನು 2023ರ ಜನವರಿಯಿಂದ ಸೇರಿಸಿಕೊಂಡರು. ಕಡಲೆಯನ್ನು ಎಲ್ಲರಿಗಿಂತ ಹೆಚ್ಚು ಬೆಳೆದು ಎಲ್ಲರಿಗಿಂತ ಹೆಚ್ಚು ತಿನ್ನುವ ದೇಶ ನಮ್ಮದು. ಕಡಲೆಗೆ ಜಾಗ ಕೊಡಬೇಕಾದ್ದು ನಮ್ಮ ಪಟ್ಟಿಯೇ.

'ಹಿಂಗ ಬರದರ ನಮ್ಮ ಮಾಲಿಗೆ ಕೆಟ್ಟ ಹೆಸರು ಬರ್ತದ, ರೇಟು ಬೀಳ್ತದ' ಎಂದು ಕೆಲವರಿಗೆ ಅನುಮಾನ. ಶೇಂಗಾ ಜಗತ್ತಿನ ಅನೇಕ ದೇಶಗಳ ಪಟ್ಟಿಯಲ್ಲಿದೆ. ಅದರಿಂದ ಶೇಂಗಾ ವ್ಯಾಪಾರ ನಿಂತಿಲ್ಲ. ನೂರರಲ್ಲಿ ಒಬ್ಬರು ಓದಿ ಕೆಳಗಿಡುತ್ತಾರೆ, ಉಳಿದವರು ಕೊಳ್ಳುತ್ತಾರೆ. ಆ ಒಬ್ಬರು ಆಸ್ಪತ್ರೆ ಸೇರಿದರೆ ಆಗ ಹೆಸರು ಕೆಡುತ್ತದೆ. ನಿಯಮ ಬರಲಿ ಬಿಡಲಿ, 'ಇದರಲ್ಲಿ ಪುಠಾಣಿ, ಶೇಂಗಾ, ಎಳ್ಳು ಇದೆ' ಎಂದು ಒಂದು ಸಾಲು ಕನ್ನಡದಲ್ಲಿ ಬರೆಯಲು ನಮ್ಮ ಸಂಘಗಳಿಗೆ ಖರ್ಚೇನೂ ಇಲ್ಲ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಆಹಾರ ತಯಾರಿಕೆಯ ತರಬೇತಿ ಕೊಡುವಾಗ ಈ ಒಂದು ಸಾಲನ್ನೂ ಕಲಿಸಲಿ ಎಂಬುದು ನನ್ನ ಬೇಡಿಕೆ.

ಕಡಲೆಯನ್ನು ದೂರುವ ಉದ್ದೇಶ ನನಗಿಲ್ಲ. ಬರುವ ಹಿಂಗಾರಿಗೂ ನಮ್ಮ ಎರೆ ಹೊಲಕ್ಕೆ ಕಡಲೆಯೇ. ಮನೆಯಲ್ಲಿ ಯಾರಾದರೂ 'ನನಗ ಇದು ಆಗಿಬರೂದಿಲ್ಲ' ಎಂದರೆ ಮೊದಲು ನಂಬಿ, ಆಮೇಲೆ ಬರೆದಿಡಿ, ಆಮೇಲೆ ವೈದ್ಯರಿಗೆ ತೋರಿಸಿ. ಆಗದ್ದು ಒಂದನ್ನು ಗುರುತಿಸಿದರೆ ಉಳಿದದ್ದೆಲ್ಲ ನಿಶ್ಚಿಂತೆಯಿಂದ ಉಣ್ಣಬಹುದು. ಓದುಗರಲ್ಲಿ ಇಂಥ ಅನುಭವ ಇದ್ದವರು, ವಿಶೇಷವಾಗಿ ಹೆಸರು, ಎಳ್ಳು, ಬದನೆ, ಕುಸುಬಿಯಿಂದ ತೊಂದರೆ ಕಂಡವರು, ಏನು ತಿಂದಾಗ ಎಷ್ಟು ಹೊತ್ತಿಗೆ ಏನಾಯಿತು, ಬದಲಿಗೆ ಏನು ಅಡಿಗೆ ಮಾಡಿಕೊಂಡಿರಿ ಎಂಬುದನ್ನು ಪತ್ರಿಕೆಗೆ ಬರೆದರೆ ಉಳಿದವರಿಗೆ ಉಪಕಾರವಾದೀತು.